ಕೈ ಎತ್ತಿದವರೆಲ್ಲ ಕೆಲಸಕ್ಕೆ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಘ, ಸಭೆ, ಗೆಳೆಯರ ಬಳಗಗಳಿಗೆ ಸೇರಿದವು. ಎಲ್ಲರೂ ಸೇರಿ ನಿರ್ಧರಿಸಿದ್ದು ಏಕೆ ನಡೆಯುವುದಿಲ್ಲ? ಯಾರಿಗೂ ಬೇಡದ್ದು ಹೇಗೆ ನಡೆದುಹೋಗುತ್ತದೆ? ಸಮಾಜ ಮನೋವಿಜ್ಞಾನದ ನಮ್ಮ ಬಳಗ ಉತ್ತರಿಸಿದೆ.

ಪ್ರಶ್ನೆ: ನಮ್ಮದು ಭದ್ರಾ ನಾಲೆಯ ಕೊನೆ ಭಾಗ. ನೀರು ಬಿಡುವ ಮೊದಲು ಹೊಲಗಾಲುವೆಯ ಹೂಳು ತೆಗೆಯೋಣ ಎಂದು ಗುಡಿ ಮುಂದೆ ಸಭೆ ಸೇರಿದಾಗ 40 ಜನ ಕೈ ಎತ್ತಿದರು. ಕೆಲಸದ ದಿನ ಬಂದವರು 9 ಮಂದಿ. ಇನ್ನು ಮುಂದೆ ದಂಡ ಹಾಕುವುದೇ ಸರಿಯೇ?
– ರೈತರೊಬ್ಬರು, ಮಲೇಬೆನ್ನೂರು ಕಡೆಯಿಂದ

ಉತ್ತರ: ದಂಡದ ವಿಷಯಕ್ಕೆ ಆಮೇಲೆ ಬರೋಣ. ಬಾರದ 31 ಜನ ಸುಳ್ಳು ಹೇಳಿದರು ಎಂದು ತೀರ್ಮಾನಿಸಿಬಿಟ್ಟರೆ ಊರಲ್ಲಿ ಮನಸ್ತಾಪ ಉಳಿಯುತ್ತದೆ, ಕಾಲುವೆಯಲ್ಲಿ ಹೂಳೂ ಉಳಿಯುತ್ತದೆ. ಕೈ ಎತ್ತಿದ ಗಳಿಗೆಯಲ್ಲಿ ಅವರಲ್ಲಿ ಹೆಚ್ಚಿನವರಿಗೆ ಮೋಸದ ಮನಸ್ಸು ಇದ್ದಿರಲಾರದು.

ಗುಂಪಿನ ಪ್ರಭಾವ ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ ಎಂದು ಮನೋವಿಜ್ಞಾನಿ ಹರ್ಬರ್ಟ್ ಕೆಲ್ಮನ್ 1958ರಲ್ಲಿ ವಿಂಗಡಿಸಿದರು. ಒಂದು, ಮಣಿಯುವುದು: ಬೇಡ ಎಂದರೆ ನಿಷ್ಠುರ, ಹೂಂ ಎಂದುಬಿಡೋಣ. ಎರಡು, ನಮ್ಮವರೆಂದು ಜೊತೆಗೂಡುವುದು: ಈ ಬಳಗದವನಾಗಿ ನಾನು ಹಿಂದೆ ಉಳಿಯಬಾರದು. ಮೂರು, ಮನಗಾಣುವುದು: ಯಾರು ನೋಡಲಿ ಬಿಡಲಿ, ಈ ಕೆಲಸ ಆಗಲೇಬೇಕು. ಮೂರರಲ್ಲೂ ಕೈ ಒಂದೇ ರೀತಿ ಮೇಲೇಳುತ್ತದೆ, ಬಾಳಿಕೆ ಮಾತ್ರ ಬೇರೆ ಬೇರೆ. ಮಣಿದ ಮಾತು ನೋಡುವವರು ಇರುವಷ್ಟು ಹೊತ್ತು ನಿಲ್ಲುತ್ತದೆ. ಜೊತೆಗೂಡಿದ ಮಾತು ಆ ಸಂಬಂಧಕ್ಕೆ ಬೆಲೆ ಇರುವಷ್ಟು ದಿನ. ಮನಗಂಡಿದ್ದಕ್ಕೆ ಮಾತ್ರ ಕಾವಲು ಬೇಡ.

ಗುಡಿ ಮುಂದಿನ ಸಭೆಯಲ್ಲಿ ಮೊದಲ ಬಗೆಯೇ ಹೆಚ್ಚು. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸವಿತ್ತು. ಮೊದಲೇ ಹೇಳಿಕೊಟ್ಟಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅವರ ದಾರಿಯನ್ನೇ ಹಿಡಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಮಣಿದರು. ಅದೇ ಉತ್ತರವನ್ನು ಯಾರಿಗೂ ಕೇಳಿಸದಂತೆ ಬರೆದು ಕೊಡಲು ಬಿಟ್ಟಾಗ ಮಣಿಯುವುದು ಬಹಳ ಇಳಿಯಿತು. ಹಾಗಾಗಿ ಎತ್ತಿದ ಕೈಗಳನ್ನು ಎಣಿಸಿ ಆಳುಗಳ ಲೆಕ್ಕ ಹಾಕಬಾರದು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ‘ಹೂಳು ತೆಗೆಯಬೇಕು’ ಎಂಬುದು ಎಲ್ಲರ ಆಸೆ. ಅದು ಸಾಮೂಹಿಕ ಸಂಕಲ್ಪವಾಗಲು ಏನೇನು ಬೇಕು ಎಂಬುದನ್ನು ತತ್ವಶಾಸ್ತ್ರಜ್ಞ ಮೈಕೆಲ್ ಬ್ರಾಟ್‌ಮನ್ 1990ರ ದಶಕದ ಆರಂಭದಲ್ಲಿ ಬಿಡಿಸಿ ಹೇಳಿದ್ದಾರೆ. ‘ನಾವು ಇದನ್ನು ಮಾಡಬೇಕು’ ಎಂದು ಪ್ರತಿಯೊಬ್ಬರೂ ಬಯಸಿರಬೇಕು. ಒಬ್ಬರ ಬಿಡಿ ಯೋಜನೆ ಇನ್ನೊಬ್ಬರದಕ್ಕೆ ಹೊಂದಿಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತಿದೆ ಎಂಬುದೂ ಎಲ್ಲರಿಗೂ ಗೊತ್ತಿರಬೇಕು. ಕಾಲುವೆಯಲ್ಲಿ ಈ ಹೊಂದಾಣಿಕೆಯನ್ನು ಕಣ್ಣಾರೆ ನೋಡಬಹುದು. ಒಬ್ಬ ಒಂದಡಿ ಹೆಚ್ಚು ಆಳ ತೋಡಿದರೆ ಅಲ್ಲಿ ನೀರು ಮಡುಗಟ್ಟುತ್ತದೆ. ಪಕ್ಕದವನು ಅರ್ಧ ಅಡಿ ಬಿಟ್ಟರೆ ಅಲ್ಲೇ ತಡೆದು ಕೊನೆ ಹೊಲಕ್ಕೆ ಹನಿಯೂ ತಲುಪುವುದಿಲ್ಲ. ಇಬ್ಬರೂ ಬೆವರು ಸುರಿಸಿದ್ದಾರೆ, ಆದರೂ ಕೆಲಸ ಕೆಟ್ಟಿದೆ.

ಮುಂದಿನ ಸಲ ಸಭೆಗೆ ಒಂದು ವಾರ ಮೊದಲು ಇಬ್ಬರು ಮನೆಮನೆಗೆ ಹೋಗಿ. ‘ಬರುತ್ತೀರಾ?’ ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ‘ಯಾವ ದಿನ ಆಗುವುದಿಲ್ಲ? ಈ ಕೆಲಸದಲ್ಲಿ ನಿಮಗೇನು ಅಡ್ಡಿ?’ ಎಂದು ಕೇಳಿ. ತೂಬಿನ ಹತ್ತಿರದ ರೈತ ಮನೆ ಜಗಲಿಯ ಮೇಲಾದರೆ ಒಪ್ಪಿಕೊಳ್ಳುತ್ತಾನೆ: ಹೂಳಿದ್ದರೂ ತನ್ನ ಹೊಲಕ್ಕೆ ನೀರು ಹೇಗೂ ಹರಿಯುತ್ತದೆ, ಅವನಿಗೆ ಅವಸರವಿಲ್ಲ. ಈ ಮಾತು ಸಭೆಯಲ್ಲಿ ಹೊರಬರುವುದಿಲ್ಲ, ಕೆಲಸದ ದಿನದ ಗೈರುಹಾಜರಿಯಲ್ಲಿ ಹೊರಬರುತ್ತದೆ. ಅವನಿಗೆ ಬೇಕಾದದ್ದು ಬೇರೆ ಏನೋ ಇರುತ್ತದೆ, ಒಡೆದ ತೂಬಿನ ದುರಸ್ತಿಯೋ ಹೊಲಕ್ಕೆ ಗಾಡಿ ಹೋಗುವ ದಾರಿಯೋ. ಅದನ್ನೂ ಅದೇ ದಿನದ ಕೆಲಸಕ್ಕೆ ಸೇರಿಸಿ.

ಆಮೇಲೆ ಅಳತೆ. ಕಾಲುವೆ 800 ಮೀಟರ್, ಅದರಡಿಯ ಜಮೀನು 100 ಎಕರೆ ಎಂದುಕೊಳ್ಳಿ. ಎಕರೆಗೆ 8 ಮೀಟರ್ ಬೀಳುತ್ತದೆ; ಎರಡೂವರೆ ಎಕರೆಯವರಿಗೆ 20 ಮೀಟರ್, ಐದು ಎಕರೆಯವರಿಗೆ 40. ತಲೆಗಿಷ್ಟು ಎಂದು ಸಮ ಹಂಚಿದರೆ ಸಣ್ಣ ರೈತನಿಗೆ ಅನ್ಯಾಯ, ಅವನು ಬರುವುದಿಲ್ಲ. ಸುಣ್ಣದ ಗೆರೆ ಹಾಕಿ, ಗೂಟ ನೆಟ್ಟು, ನಂಬರ್ ಬರೆಯಿರಿ. ಯಾರಿಗೆ ಯಾವ ತುಂಡು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಅವರವರ ಹೊಲದ ಪಕ್ಕದ ತುಂಡನ್ನೇ ಕೊಟ್ಟರೆ ಮೇಲ್ಭಾಗದವರು ಜೊಂಡು ಕಿತ್ತು ಎದ್ದು ಹೋಗುತ್ತಾರೆ. ತಳದ ಅಗಲ, ಆಳ ಎರಡಕ್ಕೂ ಗುರುತು ಮಾಡಿದ ಒಂದೇ ಅಳತೆ ಕೋಲು ಎಲ್ಲ ತುಂಡುಗಳಿಗೂ ಓಡಾಡಲಿ. ಬರಲಾಗದವರು ಬದಲಿ ಆಳು ಯಾರು ಎಂದು ಹಿಂದಿನ ದಿನವೇ ಹೇಳಲಿ. ಈ ಪಟ್ಟಿಯನ್ನು ಸಭೆಯಲ್ಲಿ ಹೆಸರು ಸಹಿತ ಗಟ್ಟಿಯಾಗಿ ಓದಿ, ಹಾಲಿನ ಡೇರಿ ಬಾಗಿಲಿಗೆ ಅಂಟಿಸಿ. ‘ಅವನು ಬರುತ್ತಾನೋ ಇಲ್ಲವೋ’ ಎಂಬ ಅನುಮಾನವೇ ಅರ್ಧ ಜನರನ್ನು ಮನೆಯಲ್ಲಿ ಕೂರಿಸುವುದು.

ಈಗ ದಂಡ. ಇಸ್ರೇಲಿನ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿ ನೋಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಆ ಸಂಖ್ಯೆ ಇಳಿಯಲಿಲ್ಲ. ಮುಲಾಜು ಇದ್ದ ಕಡೆ ಬೆಲೆ ಬಂದು ಕೂತಿತ್ತು. ನಿಮ್ಮಲ್ಲೂ 300 ರೂಪಾಯಿ ಎಂದು ಗೊತ್ತು ಮಾಡಿದರೆ ಇದ್ದವರು ಅದನ್ನು ಬಿಸಾಕಿ ಸುಮ್ಮನಾಗುತ್ತಾರೆ. ಹಾಗೆಂದು ಶಿಕ್ಷೆಯೇ ಬೇಡ ಎಂದಲ್ಲ. ಕೆರೆ, ಕಾಲುವೆ, ಕಾಡುಗಳನ್ನು ಜನರೇ ನೋಡಿಕೊಳ್ಳುವ ವ್ಯವಸ್ಥೆಗಳನ್ನು ಜೀವಮಾನವಿಡೀ ಅಭ್ಯಸಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಣ್ಣ ಶಿಕ್ಷೆಗಳನ್ನು ಕಂಡರು. ಮೊದಲ ಸಲ ತಪ್ಪಿಸಿದವರು ಮೂರು ದಿನದೊಳಗೆ ತಮ್ಮ ತುಂಡನ್ನು ತಾವೇ ಮುಗಿಸಲಿ. ಎರಡನೇ ಸಲ ಆಳಿನ ಕೂಲಿ ಕೊಡಲಿ. ಮೂರನೇ ಸಲ ನೀರಿನ ಸರದಿಯ ಪ್ರಶ್ನೆ ನೀರು ಬಳಕೆದಾರರ ಸಂಘದ ಮುಂದೆ ಬರಲಿ. ಈ ನಿಯಮವನ್ನು ನೀವೇ ಕೂತು ಬರೆದಿರಬೇಕು, ಹೊರಗಿನಿಂದ ಯಾರೋ ಹೇರಿದ್ದಾಗಿರಬಾರದು.

ಪ್ರಶ್ನೆ: ಮಳೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಒಂದೇ ಸೂರಿನಡಿಗೆ ಓಡುತ್ತಾರೆ. ನಾಯಕನಹಟ್ಟಿ ಜಾತ್ರೆಯಲ್ಲಿ ಎಲ್ಲರೂ ಒಂದೇ ಹಗ್ಗ ಹಿಡಿಯುತ್ತಾರೆ. ಎರಡೂ ಸಾಮೂಹಿಕ ಕ್ರಿಯೆ ಅಲ್ಲವೇ?
– ಶಿಕ್ಷಕಿ, ಹೊಸದುರ್ಗ

ಉತ್ತರ: ಎರಡರಲ್ಲಿ ಒಂದು ಮಾತ್ರ. ತತ್ವಶಾಸ್ತ್ರಜ್ಞ ಜಾನ್ ಸರ್ಲ್ 1990ರಲ್ಲಿ ಹೆಚ್ಚುಕಡಿಮೆ ಇದೇ ಉದಾಹರಣೆ ಎತ್ತಿಕೊಂಡಿದ್ದರು. ಮಳೆಗೆ ಓಡುವವರಲ್ಲಿ ಒಬ್ಬೊಬ್ಬರದೂ ‘ನಾನು ನೆನೆಯಬಾರದು’ ಎಂಬ ಸಂಕಲ್ಪ. ಪಕ್ಕದವರು ಓಡದಿದ್ದರೂ ನೀವು ಓಡುತ್ತೀರಿ. ಅದೇ ಜನ ಅದೇ ಓಟವನ್ನು ನೃತ್ಯದ ಭಾಗವಾಗಿ ಓಡಿದರೆ ಹೊರಗಿನಿಂದ ನೋಡಲು ವ್ಯತ್ಯಾಸವಿಲ್ಲ, ಒಳಗಿನ ಸಂಕಲ್ಪ ಮಾತ್ರ ‘ನಾವು’ ಎಂದಾಗಿರುತ್ತದೆ. ತೇರು ಎಳೆಯುವುದು ಈ ಎರಡನೇ ಜಾತಿ. ಹಗ್ಗ ಒಬ್ಬರಿಗೆ ಜಗ್ಗುವುದಿಲ್ಲ, ಉಳಿದವರು ಎಳೆಯುತ್ತಾರೆ ಎಂಬ ನಂಬಿಕೆಯ ಮೇಲೆಯೇ ನೀವು ಎಳೆಯುವುದು.

ತತ್ವಶಾಸ್ತ್ರಜ್ಞೆ ಮಾರ್ಗರೆಟ್ ಗಿಲ್ಬರ್ಟ್ ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ. ಇಬ್ಬರು ‘ಜೊತೆಗೆ ನಡೆಯೋಣ’ ಎಂದು ಹೊರಟರೆ ಅಲ್ಲೊಂದು ಜಂಟಿ ಬದ್ಧತೆ ಹುಟ್ಟುತ್ತದೆ. ಒಬ್ಬರು ಹೇಳದೆ ಕೇಳದೆ ಅಡ್ಡದಾರಿ ಹಿಡಿದರೆ ‘ಯಾಕೆ ಹೋದಿರಿ?’ ಎಂದು ಕೇಳುವ ಹಕ್ಕು ಇನ್ನೊಬ್ಬರಿಗಿದೆ. ಬಸ್ ಸ್ಟ್ಯಾಂಡಿನಲ್ಲಿ ಓಡಿದವರಿಗೆ ಆ ಹಕ್ಕಿಲ್ಲ. ತರಗತಿಯಲ್ಲಿ ಈ ವ್ಯತ್ಯಾಸ ತೋರಿಸಲು ‘ಬಿಟ್ಟು ಹೋದವರನ್ನು ಕೇಳಬಹುದೇ?’ ಎಂಬ ಪ್ರಶ್ನೆಯೇ ಒಳ್ಳೆಯ ಪರೀಕ್ಷೆ ಎಂಬುದು ನಮ್ಮ ಅಭಿಪ್ರಾಯ. ಮಕ್ಕಳು ಬೇಗ ಹಿಡಿಯುತ್ತಾರೆ.

ಹಗ್ಗ ಹಿಡಿದವರೆಲ್ಲ ಪೂರ್ತಿ ಬಲ ಹಾಕುತ್ತಾರೆಯೇ ಎಂಬುದು ಬೇರೆಯೇ ವಿಷಯ. 1913ರಲ್ಲಿ ಪ್ರಕಟವಾದ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಅವರ ಅಂಕಿಗಳಲ್ಲಿ, ಒಬ್ಬರೇ ಎಳೆಯುವ ಬಲ ನೂರು ಎಂದರೆ, ಇಬ್ಬರು ಸೇರಿದಾಗ ತಲಾ ಬಲ 93 ಪಾಲಿಗೆ ಇಳಿದರೆ, ಎಂಟು ಜನ ಸೇರಿದಾಗ 49 ಪಾಲಿಗೆ ಇಳಿದಿತ್ತು. ಎಳೆತದ ಲಯ ತಪ್ಪುವುದು ಒಂದು ಕಾರಣ. ‘ನನ್ನದೆಷ್ಟು ಎಂದು ಯಾರಿಗೆ ಗೊತ್ತಾಗುತ್ತದೆ’ ಎಂಬ ಸಡಿಲು ಇನ್ನೊಂದು. 1981ರ ಪ್ರಯೋಗಗಳಲ್ಲಿ ಒಬ್ಬೊಬ್ಬರ ಶ್ರಮ ಬೇರೆಯಾಗಿ ಗುರುತಾಗುವಂತೆ ಮಾಡಿದಾಗ ಈ ಸಡಿಲು ಹೋಯಿತು. ಕೆರೆ ಕಟ್ಟಿಸಿದವರೆಂದು ಜನ ನೆನೆಯುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತಿನಲ್ಲಿ ಈ ತಿಳಿವಳಿಕೆ ಮೊದಲೇ ಇದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 15 ಜನ. ಕಂತು ಯಾವತ್ತೂ ತಪ್ಪಿಲ್ಲ. ಆದರೆ ಇಬ್ಬರು ಸದಸ್ಯೆಯರು ‘ನಿಮ್ಮ ಮುಖ ನೋಡಿ ಕಟ್ಟುತ್ತಿದ್ದೇವೆ, ಉಸಿರು ಕಟ್ಟುತ್ತದೆ’ ಎಂದು ಅತ್ತರು. ಒತ್ತಡ ಹಾಕದಿದ್ದರೆ ಸಂಘ ನಡೆಯುತ್ತದೆಯೇ?
– ಸಂಘದ ಪ್ರತಿನಿಧಿ, ಚಳ್ಳಕೆರೆ

ಉತ್ತರ: ಅವರು ಅತ್ತು ಹೇಳಿದ್ದು ನಿಮ್ಮ ಸಂಘದ ಪುಣ್ಯ. ಹೇಳದೆ ಇರುವವರ ದಾರಿ ಇನ್ನೂ ಕಷ್ಟದ್ದು: ಸಂಘದಲ್ಲಿ ಮಾನ ಉಳಿಸಿಕೊಳ್ಳಲು ಹೊರಗೆ ಬಡ್ಡಿಗೆ ಕೈಸಾಲ ತಂದು ಕಂತು ಕಟ್ಟುತ್ತಾರೆ. ಪುಸ್ತಕದಲ್ಲಿ ಮರುಪಾವತಿ ನೂರಕ್ಕೆ ನೂರು, ಮನೆಯಲ್ಲಿ ಸಾಲ ಎರಡು ಪಟ್ಟು.

ಸಂಘದ ಪಂಚಸೂತ್ರ ನಿಮಗೆ ಗೊತ್ತು: ತಪ್ಪದ ಸಭೆ, ತಪ್ಪದ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಲೆಕ್ಕಪುಸ್ತಕ. ಇವುಗಳಲ್ಲಿ ಮರುಪಾವತಿ ಒಂದನ್ನೇ ಹಿಡಿದು ಎಳೆದರೆ ಮಣಿಯುವಿಕೆ ಸಿಗುತ್ತದೆ, ಒಗ್ಗಟ್ಟು ಸಿಗುವುದಿಲ್ಲ. ಸಭೆಯಲ್ಲಿ ಕೂತು ಯಾರಿಗೆ, ಯಾವುದಕ್ಕೆ, ಎಷ್ಟು ಸಾಲ ಎಂದು ಹದಿನೈದೂ ಜನ ಚರ್ಚಿಸಿ ಕೊಟ್ಟ ಸಾಲ ‘ನಮ್ಮ ಸಾಲ’ ಆಗುತ್ತದೆ. ಪ್ರತಿನಿಧಿಯೊಬ್ಬರೇ ನಿರ್ಧರಿಸಿ ಉಳಿದವರು ಸಹಿ ಹಾಕಿದರೆ ಅದು ‘ಅವಳ ಸಾಲ, ನಮ್ಮ ತಲೆನೋವು’.

ಮಾಡಬೇಕಾದ್ದು ಇಷ್ಟು. ಕಷ್ಟದ ತಿಂಗಳಿಗೆ ನಿಯಮವನ್ನು ಕಷ್ಟ ಬರುವ ಮೊದಲೇ ಬರೆಯಿರಿ: ವರ್ಷಕ್ಕೆ ಎರಡು ಸಲ ಅಸಲು ಬಿಟ್ಟು ಬಡ್ಡಿ ಮಾತ್ರ ಕಟ್ಟಬಹುದು, ಕಾರಣವನ್ನು ಪ್ರತಿನಿಧಿಗಳಿಬ್ಬರಿಗೆ ಮಾತ್ರ ಹೇಳಿದರೆ ಸಾಕು. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಎಲ್ಲರ ಕಂತನ್ನೂ ಒಟ್ಟಿಗೆ ಮುಂದೂಡುವ ಅಧಿಕಾರ ಸಭೆಗಿರಲಿ, ಆದರೆ ಬ್ಯಾಂಕಿನ ಸಾಲವಿದ್ದರೆ ಮೊದಲು ಶಾಖೆಯವರೊಂದಿಗೆ ಮಾತಾಡಿ. ಯಾರ ಮನೆ ಮುಂದೆಯೂ ಗುಂಪಾಗಿ ಹೋಗಿ ಕೂರಬೇಡಿ. ಹಾಗೆ ವಸೂಲಾದ ಹಣದ ಜೊತೆ ಸದಸ್ಯೆಯೂ ಹೊರಟುಹೋಗುತ್ತಾಳೆ, ಅವಳ ಓರಗಿತ್ತಿಯೂ ಮುಂದೆ ಸಂಘ ಸೇರುವುದಿಲ್ಲ.

ಪ್ರಶ್ನೆ: ನಮ್ಮ ಕ್ಲಾಸಿನಲ್ಲಿ ‘ಎಲ್ಲರೂ ಒಪ್ಪಿದ್ದಾರೆ’ ಎಂದು ಮಾಸ್ ಬಂಕ್ ಮಾಡುತ್ತಾರೆ. ನನಗೆ ಇಷ್ಟವಿಲ್ಲ, ಬೇಡ ಎಂದರೆ ಒಂಟಿಯಾಗುತ್ತೇನೆ.
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮಂತೆಯೇ ಅಂದುಕೊಂಡವರು ನಿಮ್ಮ ಬೆಂಚಿನಲ್ಲೇ ಇರಬಹುದು. ಒಳಗೊಳಗೇ ಬೇಡವೆನ್ನುವವರು ಹಲವರಿದ್ದು, ಪ್ರತಿಯೊಬ್ಬರೂ ‘ನನ್ನೊಬ್ಬನಿಗೇ ಬೇಡ’ ಎಂದು ತಿಳಿಯುವ ಸ್ಥಿತಿಯನ್ನು ಮನೋವಿಜ್ಞಾನ ಚೆನ್ನಾಗಿ ದಾಖಲಿಸಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಂಪಸ್ಸಿನ ಕುಡಿತದ ಬಗ್ಗೆ ತನಗಿರುವ ಕಸಿವಿಸಿ ಉಳಿದವರಿಗಿಲ್ಲ ಎಂದೇ ಸರಾಸರಿ ವಿದ್ಯಾರ್ಥಿ ನಂಬಿದ್ದ. ಎಲ್ಲರೂ ಕೂಡಿ ಮಾಡುತ್ತಿದ್ದರೂ ಇಲ್ಲಿ ಸಾಮೂಹಿಕ ಸಂಕಲ್ಪವೇ ಇಲ್ಲ, ಬರೀ ಪರಸ್ಪರ ಅಂಜಿಕೆ.

ಇಡೀ ಕ್ಲಾಸಿನ ಎದುರು ನಿಂತು ಭಾಷಣ ಮಾಡಬೇಡಿ. ಹಿಂದಿನ ಸಂಜೆ ಗೆಳೆಯರನ್ನು ಒಬ್ಬೊಬ್ಬರಾಗಿ ಕೇಳಿ, ‘ನಿಜವಾಗಿ ನಿನಗೆ ಬೇಕಾ?’ ಎಂದು. ಒಬ್ಬ ಜೊತೆಗಾರ ಸಿಕ್ಕರೆ ಸಾಕು: ಮೇಲೆ ಹೇಳಿದ ಆಶ್ ಪ್ರಯೋಗದಲ್ಲಿ ಸರಿ ಉತ್ತರ ಹೇಳುವ ಒಬ್ಬನೇ ಒಬ್ಬ ಪಕ್ಕದಲ್ಲಿದ್ದಾಗ ಮಣಿಯುವುದು ಮೊದಲಿದ್ದದ್ದರ ನಾಲ್ಕನೇ ಒಂದು ಪಾಲಿಗೆ ಇಳಿದಿತ್ತು. ಇಬ್ಬರೂ ಒಟ್ಟಿಗೆ ಕ್ಲಾಸಿಗೆ ಹೋಗಿ ಕೂತುಕೊಳ್ಳಿ.

ಪ್ರಶ್ನೆ: ಚಂದ್ರವಳ್ಳಿ ಕೆರೆಯ ಸುತ್ತ ಪ್ಲಾಸ್ಟಿಕ್ ಹೆಕ್ಕಲು ವಾಟ್ಸ್ಆ್ಯಪ್ ಗ್ರೂಪ್ ಮಾಡಿದ್ದೇವೆ. 200 ಸದಸ್ಯರು, 120 ಹೆಬ್ಬೆರಳು. ಭಾನುವಾರ ಬರುವವರು 6–7 ಜನ.
– ಯುವಕ ಸಂಘದ ಕಾರ್ಯದರ್ಶಿ, ಚಿತ್ರದುರ್ಗ

ಉತ್ತರ: ಆನ್‌ಲೈನ್ ಬಳಗಗಳಲ್ಲಿ ‘ನಾವು ಕೂಡಿ ಮಾಡುತ್ತೇವೆ’ ಎಂಬ ಸಂಕಲ್ಪ ಯಾವುದರಿಂದ ಹುಟ್ಟುತ್ತದೆ ಎಂದು ಸಂಶೋಧಕರಾದ ರಿಚರ್ಡ್ ಬಗೋಝಿ, ಉತ್ಪಲ್ ಢೋಲಾಕಿಯಾ 2002ರಲ್ಲಿ ಪರಿಶೀಲಿಸಿದರು. ಎದ್ದು ಕಂಡದ್ದು ಎರಡು: ಸೇರಿದರೆ ಸಂತೋಷ ಸಿಗುತ್ತದೆ ಎಂಬ ನಿರೀಕ್ಷೆ ಮತ್ತು ಅದರಿಂದ ಹುಟ್ಟುವ ಆಸೆ ಒಂದು ಕಡೆ, ‘ಇದು ನನ್ನ ಬಳಗ’ ಎಂಬ ಗುರುತು ಇನ್ನೊಂದು ಕಡೆ. 200 ಜನರ ಗ್ರೂಪಿನಲ್ಲಿ ಈ ಗುರುತು ತೆಳ್ಳಗಾಗುತ್ತದೆ, ಹೆಬ್ಬೆರಳು ‘ಒಳ್ಳೆಯ ಕೆಲಸ’ ಎಂಬಷ್ಟೇ ಅರ್ಥ ಕೊಡುತ್ತದೆ.

ದೊಡ್ಡ ಗ್ರೂಪನ್ನು ಸುದ್ದಿಗೆ ಮಾತ್ರ ಇಟ್ಟುಕೊಳ್ಳಿ. ಕೆಲಸಕ್ಕೆ ಐದಾರು ಜನರ ತಂಡ ಮಾಡಿ, ಒಂದೇ ಬೀದಿಯವರೋ ಒಂದೇ ಆಫೀಸಿನವರೋ ಆದರೆ ಉತ್ತಮ. ಪ್ರತಿ ತಂಡಕ್ಕೆ ಕೆರೆಯ ಸುತ್ತ 100 ಮೀಟರ್, ಎರಡು ಗೋಣಿಚೀಲ, ಆರು ಜೊತೆ ಕೈಗವಸು. ಬೆಳಗ್ಗೆ 6.30ರಿಂದ 8, ಅದಕ್ಕಿಂತ ಹೆಚ್ಚು ಬೇಡ. ಶನಿವಾರ ರಾತ್ರಿ ಕಾರ್ಯದರ್ಶಿಯ ಮೆಸೇಜ್ ಸಾಲದು, ತಂಡದವರೇ ಒಬ್ಬರಿಗೊಬ್ಬರು ಫೋನ್ ಮಾಡಲಿ. ಮುಗಿದ ಮೇಲೆ ಒಟ್ಟಿಗೆ ಕೂತು ಇಡ್ಲಿ, ಚಹಾ ಆಗಲಿ. ಆ ಅರ್ಧ ಗಂಟೆಯಲ್ಲೇ ಬಳಗ ಬೆಳೆಯುವುದು.

ಒಂದನ್ನು ಖಂಡಿತ ಮಾಡಬೇಡಿ: ‘200 ಜನರಲ್ಲಿ ಆರೇ ಜನ ಬಂದರು, ನಾಚಿಕೆಯಾಗಬೇಕು’ ಎಂಬ ಮೆಸೇಜ್. ಅದು ಉಳಿದವರಿಗೆ ‘ಬಾರದಿರುವುದೇ ಇಲ್ಲಿನ ರೂಢಿ’ ಎಂದು ಹೇಳಿಕೊಟ್ಟಂತೆ. ಅಮೆರಿಕದ ಅರಿಝೋನದಲ್ಲಿ ಶಿಲೆಯಾದ ಮರದ ಚೂರುಗಳನ್ನು ಪ್ರವಾಸಿಗರು ಕದಿಯುತ್ತಿದ್ದ ಉದ್ಯಾನದಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ದೀನಿ ತಂಡ ಫಲಕಗಳನ್ನು ಪರೀಕ್ಷಿಸಿತು. ‘ಬಹಳ ಜನ ಒಯ್ದಿದ್ದಾರೆ’ ಎಂದು ದುಃಖಿಸುವ ಫಲಕವಿದ್ದಾಗ ಗುರುತು ಮಾಡಿಟ್ಟ ಚೂರುಗಳಲ್ಲಿ ಶೇ 8ರಷ್ಟು ಹೋದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಹೇಳಿದ್ದರೆ ಶೇ 2ಕ್ಕೂ ಕಡಿಮೆ. ಬಂದವರ ಫೋಟೊ, ತುಂಬಿದ ಚೀಲಗಳ ಲೆಕ್ಕ ಹಾಕಿ.

ಪ್ರಶ್ನೆ: ಮೆಕ್ಕೆಜೋಳವನ್ನು ಸುಗ್ಗಿಯಲ್ಲಿ ಮಾರದೆ ಎರಡು ತಿಂಗಳು ಹಿಡಿಯೋಣ ಎಂದು 15 ಜನ ಮಾತಾಡಿಕೊಂಡೆವು. ಮೂರನೇ ವಾರಕ್ಕೆ ನಾಲ್ವರು ಮಾರಿದರು, ಆಮೇಲೆ ಎಲ್ಲರೂ. ಒಗ್ಗಟ್ಟೇ ಇಲ್ಲವೇ?
– ರೈತ, ಜಗಳೂರು

ಉತ್ತರ: ಒಗ್ಗಟ್ಟಿತ್ತು, ಆದರೆ ನಾಲ್ವರ ಕೈಯಲ್ಲಿ ಕಾಸಿರಲಿಲ್ಲ. ಗೊಬ್ಬರದ ಅಂಗಡಿ ಬಾಕಿ, ಮಗಳ ಫೀಸು ಇದ್ದವನಿಗೆ ಎರಡು ತಿಂಗಳು ಕಾಯುವ ಸಂಕಲ್ಪ ಮನಸ್ಸಿನಲ್ಲಿದ್ದರೂ ಜೇಬಿನಲ್ಲಿರುವುದಿಲ್ಲ. ಮೊದಲ ನಾಲ್ವರು ಮಾರಿದ್ದು ಕೊರತೆಯಿಂದ. ಉಳಿದವರು ಮಾರಿದ್ದು ‘ಒಪ್ಪಂದ ಮುರಿದಿದೆ’ ಎಂಬ ಸುದ್ದಿಯಿಂದ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಕೊರತೆಗೆ: ಮಾಲನ್ನು ಮನೆಯಲ್ಲಿ ಇಡದೆ ಗೋದಾಮಿನಲ್ಲಿ ಇಟ್ಟು, ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ದಾರಿಯನ್ನು ಸುಗ್ಗಿಗೆ ಮೊದಲೇ ವಿಚಾರಿಸಿ. ತಲಾ 20 ಕ್ವಿಂಟಲ್ ಎಂದರೂ 15 ಜನರದು 300 ಕ್ವಿಂಟಲ್ ಆಗುತ್ತದೆ, ಒಟ್ಟಿಗೆ ಹೋಗಿ ಮಾತಾಡಬಹುದು. ಕಾಳಿನ ತೇವಾಂಶ ಶೇ 14ಕ್ಕಿಂತ ಕೆಳಗಿರಲಿ. ಹಸಿ ಕಾಳು ಎರಡು ತಿಂಗಳಲ್ಲಿ ಬೂಸ್ಟು ಹಿಡಿದರೆ ದರ ಏರಿದರೂ ಪ್ರಯೋಜನವಿಲ್ಲ. ಒಬ್ಬರದೇ ಮಾಲು ಒದ್ದೆಯಿದ್ದರೂ ಒಟ್ಟು ರಾಶಿ ಕೆಡುತ್ತದೆ, ಹಾಗಾಗಿ ಪ್ರತಿ ಚೀಲವನ್ನೂ ತೇವಾಂಶ ಮೀಟರಿನಲ್ಲಿ ನೋಡಿಯೇ ಸೇರಿಸಿ.

ಸುದ್ದಿಗೆ: ಒಪ್ಪಂದವನ್ನು ಷರತ್ತಿನ ಮೇಲೆ ಕಟ್ಟಿ. ‘15ರಲ್ಲಿ ಕನಿಷ್ಠ 12 ಜನ ಗೋದಾಮಿಗೆ ಮಾಲು ಹಾಕಿದ ಮೇಲೆ ಮಾತ್ರ ಇದು ಜಾರಿ’ ಎಂದು ಬರೆಯಿರಿ. ಆಗ ಯಾರೂ ಒಬ್ಬನೇ ಸಿಕ್ಕಿಬೀಳುವ ಭಯವಿಲ್ಲ. ತುರ್ತು ಬಿದ್ದವನು ಕದ್ದು ಮಾರುವ ಬದಲು ಸಭೆಗೆ ಹೇಳಿ ತನ್ನ ಪಾಲಿನ ಕಾಲು ಭಾಗ ಮಾರಬಹುದು ಎಂಬ ಕಲಮು ಇರಲಿ. ಹೇಳಿ ಮಾರಿದರೆ ಒಪ್ಪಂದ ಮುರಿಯುವುದಿಲ್ಲ, ಕದ್ದು ಮಾರಿದ ಒಂದೇ ಚೀಲ ಮುರಿಯುತ್ತದೆ.

ದರ ಏರಿಯೇ ತೀರುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ, ಇಳಿಯಲೂಬಹುದು. ಅದಕ್ಕೇ ಎರಡು ಗೆರೆ ಮೊದಲೇ ಎಳೆಯಿರಿ: ಕ್ವಿಂಟಲ್‌ಗೆ ಇಷ್ಟು ಏರಿದರೆ ಎಲ್ಲರೂ ಮಾರುವುದು, ಇಷ್ಟು ಇಳಿದರೆ ಎಲ್ಲರೂ ಮಾರುವುದು. ಎರಡೂ ಆಗದಿದ್ದರೆ ಒಪ್ಪಂದ ಮುಗಿಯುವ ತಾರೀಖನ್ನು ಕಾಗದದ ಕೊನೆಯಲ್ಲಿ ಬರೆದು 15 ಜನರೂ ಸಹಿ ಹಾಕಿ, ತಲಾ ಒಂದು ಪ್ರತಿ ಇಟ್ಟುಕೊಳ್ಳಿ.